ಸುಳ್ಳು ಹೇಳದ ವೀರನೂ ಲಕ್ಕವ್ವನ ಚಪ್ಪಲಿಯೂ

ದೇವರಿಗೆ ಆಣೆ ಮಾಡಿ ಕತ್ತಿ ಹಿಡಿದವನು ಒಳ್ಳೆಯವನೇ ಆಗಿರಬೇಕು, ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ? ಆ ರವಿವಾರ ಮಧ್ಯಾಹ್ನ ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಹೀಗೆಂದು ತೀರ್ಪು ಕೊಟ್ಟೆ. ಸಂಜೆಯಾಗುವುದರೊಳಗೆ ಆ ತೀರ್ಪಿನ ಫಲ ನನ್ನ ಹಿಮ್ಮಡಿಯ ಮೇಲೆ ಗಾಯವಾಗಿ ಕುಳಿತಿತ್ತು.

ಮೊದಲು ಮನೆಯ ಪರಿಸ್ಥಿತಿ ಹೇಳುತ್ತೇನೆ. ಪಕ್ಕದ ಮನೆಯ ಲಕ್ಕವ್ವ ಬೆಳಿಗ್ಗೆಯಿಂದ ನಮ್ಮ ಅಡುಗೆಮನೆಯಲ್ಲಿ ಅಡಗಿ ಕುಳಿತಿದ್ದಳು. ತುಟಿ ಒಡೆದಿತ್ತು, ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಚೆನ್ನಾಗಿತ್ತು, ದೇವರು ದೊಡ್ಡವನು. ಎಲ್ಲ ಅವಳ ಗಂಡ ಯಲ್ಲಪ್ಪನ ಕೈಗುಣ. ಹುನ್ನೂರಿನಿಂದ ಅವಳ ಅಣ್ಣ ಸಂಜೆ ಟಂಟಂ ಗಾಡಿ ತೆಗೆದುಕೊಂಡು ಬರುವವನಿದ್ದ. ಅಲ್ಲಿಯವರೆಗೆ ಅವಳು ನಮ್ಮಲ್ಲಿರುವುದು ಯಲ್ಲಪ್ಪನಿಗೆ ಗೊತ್ತಾಗಬಾರದು. ಗೊತ್ತಾದರೆ ಈ ಸಲ ಆ ಇನ್ನೊಂದು ಕಣ್ಣೂ ಉಳಿಯುವುದಿಲ್ಲ ಎಂದು ಅವಳೇ ಹೇಳಿದ್ದಳು. ನಮ್ಮ ಯಜಮಾನರು ಮುಧೋಳಕ್ಕೆ ಹೋಗಿದ್ದರು.

ಮನೆಯಲ್ಲಿ ಏನೂ ನಡೆದಿಲ್ಲ ಅನ್ನುವಂತೆ ಕಾಣಲಿ ಎಂದು, ಜಮಖಂಡಿಯಲ್ಲಿ ಕಾಲೇಜು ಓದುವ ನನ್ನ ಮಗಳು ರೇಣುಕಾ ತನ್ನ ರವಿವಾರದ ಆಟವನ್ನು ಎಂದಿನಂತೆ ಪಡಸಾಲೆಯಲ್ಲಿ ಹೂಡಿದಳು. ಅವಳು ಕಥೆ ಹೇಳುತ್ತಾಳೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಬದುಕುವುದು ಸಾಯುವುದೆಲ್ಲ ದಾಳ ಬಿದ್ದ ಹಾಗೆ. ಕಾಯಿಗಳ ಬದಲು ನಮ್ಮ ಮಗ್ಗದ ನೂಲು ತೀರಿದ ಕಂಡಿಕೆಗಳು. ಚಿಮ್ಮಡದಿಂದ ಅವಳ ಗೆಳೆಯ ಮಹಾಂತೇಶ ಬಂದಿದ್ದ. ಇನ್ನೊಬ್ಬ ಗೆಳತಿ ಬಂದಿರಲಿಲ್ಲ. ಅವಳ ಪಾಲಿನ ಪ್ಯಾಲಡಿನ್ ಎಂಬ ವೀರ ನನ್ನ ಕೊರಳಿಗೆ ಬಿದ್ದ.

"ಪ್ಯಾಲಡಿನ್ ಅಂದ್ರ ಯಾರ?" ಎಂದು ಕೇಳಿದೆ.

"ದೇವರ ಮುಂದ ಆಣಿ ಮಾಡಿ ಕತ್ತಿ ಹಿಡದಾಂವ ಬೇ ಅವ್ವಾ. ಆ ಆಣಿನ ಅವನ ಶಕ್ತಿ," ಎಂದಳು ರೇಣುಕಾ.

"ಅಂದ್ರ ಒಳ್ಳೆಯಾಂವ."

"ಹಂಗೇನಿಲ್ರಿ ಕಾಕು," ಎಂದ ಮಹಾಂತೇಶ. "ಮೊದಲ ಆಟದ ನೇಮ ಹಂಗಿತ್ತು. ಈಗ ಆಣಿ ಮುರೀಲಿಲ್ಲಂದ್ರ ಸಾಕು. ಸೇಡ ತೀರಸ್ತೇನಿ ಅಂತನೂ ಆಣಿ ಮಾಡಬಹುದು. ಆಸಾಮಿ ಕೆಟ್ಟಾಂವ ಇದ್ರೂ ನಡೀತೈತಿ."

"ಹಣಿಗೆ ಭಂಡಾರ ಹಚಗೊಂಡ ಕೆಟ್ಟ ಕೆಲಸಾ ಮಾಡಾಕ ಬರ್ತೈತೇನಲೇ?"

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಎದ್ದು ಜಗಲಿಯ ಮೇಲಿದ್ದ ಬಟ್ಟಲು ತಂದೆ. ಅದರಲ್ಲಿ ಬೀರೇಶ್ವರನ ಅರಿಶಿನ ಭಂಡಾರವಿತ್ತು. ನಮ್ಮ ಮನೆತನದಲ್ಲಿ ಅದನ್ನು ಮುಟ್ಟಿ ಆಡಿದ ಮಾತು ಮುರಿದರೆ ವಂಶಕ್ಕೇ ತಟ್ಟುತ್ತದೆ. ಅದನ್ನು ನನ್ನ ವೀರನ ಕಂಡಿಕೆಗೆ ಹಚ್ಚಿ, ನನ್ನ ಹಣೆಗೂ ಹಚ್ಚಿಕೊಂಡು, "ಜೀಂವ ಹೋದ್ರೂ ನಾ ಸುಳ್ಳ ಹೇಳೂದಿಲ್ಲ," ಎಂದು ಗಟ್ಟಿಯಾಗಿ ಹೇಳಿದೆ.

ರೇಣುಕಾಳ ಮುಖ ಬಿಳಿಚಿಕೊಂಡಿತು. "ಆಟಕ್ಕ ಖರೇ ಭಂಡಾರ ಯಾಕ ತಂದಿ ಬೇ?"

"ಸುಳ್ಳ ಭಂಡಾರ ಎಲ್ಲಿ ಸಿಗತೈತಿ?"

ಆಟ ನಡೆಯಿತು. ಕ್ರೂರ ಒಡೆಯನಿಂದ ತಪ್ಪಿಸಿಕೊಂಡು ಬಂದ ಒಬ್ಬ ಹುಡುಗಿಯನ್ನು ಗಾಡಿಯಲ್ಲಿ, ಹುಲ್ಲಿನ ಕೆಳಗೆ ಬಚ್ಚಿಟ್ಟು ನನ್ನ ವೀರನೂ ಮಹಾಂತೇಶನ ಕಳ್ಳನೂ ಸೇತುವೆ ದಾಟಬೇಕು. ಕಾವಲುಗಾರ ಅಡ್ಡ ಬಂದ. ಗಾಡಿಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಮಹಾಂತೇಶ ಮೊಳಕೈಯಿಂದ ನನ್ನನ್ನು ತಿವಿದ. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಒಂದ ಹುಡುಗಿ ಅದಾಳ್ರಿ. ಹುಲ್ಲಿನ ಕೆಳಗ. ಉಸರಾಡಾಕ ಸಂದಿ ಬಿಟ್ಟೇವಿ."

ದಾಳ ಉರುಳಿತು. ಹುಡುಗಿಯನ್ನು ಅಲ್ಲೇ ಕಡಿದರು. ಮಹಾಂತೇಶ ಪಿಯುಸಿಯಿಂದ ಸಾಕಿಕೊಂಡು ಬಂದಿದ್ದ ಕಳ್ಳನನ್ನು ಸೇತುವೆಗೇ ನೇಣು ಹಾಕಿದರು. ಅವನು ತನ್ನ ಕಂಡಿಕೆಯನ್ನು ಎರಡೂ ಕೈಯಿಂದ ಎತ್ತಿ ಕಿಸೆಯಲ್ಲಿ ಮಲಗಿಸಿದ. ಉಳಿದವನು ನನ್ನ ವೀರ ಒಬ್ಬನೇ. ಸತ್ಯವಂತ. ಹಣೆಯಲ್ಲಿ ಭಂಡಾರ.

"ಈ ಕತಿ ಬೇಕಂತನ ತಂದೆ," ಎಂದಳು ರೇಣುಕಾ ತಗ್ಗಿದ ದನಿಯಲ್ಲಿ. "ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಈಗ ಯಲ್ಲಪ್ಪ ಮಾಮಾ ಬಂದ್ರ ಏನ ಹೇಳ್ತಿ?"

ಅಡುಗೆಮನೆಯ ಬಾಗಿಲಲ್ಲಿ ಲಕ್ಕವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕಾರ, ನಾ ಹಿತ್ತಲದಾಗ ಹೋಗಿ ಕುಂದರ್ಲೇನ್ರಿ? ಆಕಿ ಮನ್ಯಾಗ ಕಾಣೂದಿಲ್ಲ ಅಂತರ ನೀವು ಹೇಳಬಹುದು."

ಅಷ್ಟರಲ್ಲಿ ಹೊರಗಿನಿಂದ ದನಿ ಕೇಳಿಸಿತು. "ವೈನೀ..."

ಲಕ್ಕವ್ವ ಒಳಗೆ ಸರಿದಳು. ನಾನು ಬಾಗಿಲಿಗೆ ಹೋದೆ. ಯಲ್ಲಪ್ಪ ಹೊರಗಿನವರ ಜೊತೆ ಬಹಳ ಮರ್ಯಾದೆಯ ಮನುಷ್ಯ, ನನ್ನನ್ನು ಅತ್ತಿಗೆಯೆಂದು ಕರೆದು ಕೈಮುಗಿದೇ ಮಾತಾಡುತ್ತಾನೆ.

"ನಮ್ಮಾಕಿ ಈ ಕಡೆ ಏನರ ಬಂದಾಳೇನ್ರಿ ವೈನಿ?"

"ಊಟ ಆತೇನಪಾ?" ಎಂದೆ.

"ಎಲ್ಲೀ ಊಟಾರಿ. ಮಾಡಿ ಹಾಕೂ ಆಕಿನ ಇಲ್ಲ. ಬಂದಾಳೇನು?"

ಹಣೆಯ ಭಂಡಾರ ಕೆಂಡದ ಹಾಗೆ ಸುಡುತ್ತಿತ್ತು. "ಇಲ್ಲಪಾ," ಎಂದೆ. ನನ್ನ ಬಾಳಿನ ಮೊದಲ ದೊಡ್ಡ ಸುಳ್ಳು. ಅದು ಒಂಟಿಯಾಗಬಾರದೆಂದು ಅದರ ಹಿಂದೆ ಇನ್ನೊಂದನ್ನು ಕಳಿಸಿದೆ. "ಮುಧೋಳಕ್ಕ ಹೋದ್ಲು."

"ಯಾರ ಕೂಡ?"

"ನಮ್ಮ ಯಜಮಾನರ ಕೂಡ."

ಹಿಂದೆ ಮಹಾಂತೇಶನಿಗೆ ಕೆಮ್ಮು ಹತ್ತಿತು. ಯಲ್ಲಪ್ಪ ಮುಗಿದ ಕೈ ಬಿಟ್ಟು ಕೆಳಗೆ ನೋಡಿದ. ನಾನೂ ನೋಡಿದೆ. ಹೊಸ್ತಿಲ ಹೊರಗೆ ಲಕ್ಕವ್ವನ ಚಪ್ಪಲಿ ಜೋಡಿಸಿ ಇಟ್ಟಂತಿದ್ದವು. ಜೀವ ಕೈಯಲ್ಲಿ ಹಿಡಿದು ಓಡಿಬಂದವಳು ಇನ್ನೊಬ್ಬರ ಮನೆಯೆಂದು ಚಪ್ಪಲಿ ಬಿಟ್ಟೇ ಒಳಗೆ ಬಂದಿದ್ದಳು. ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ ರೀತಿಯೇ ಅಂಥದ್ದು.

"ಬರಿಗಾಲಲೆ ಹೋದ್ಲೇನ್ರಿ ಮುಧೋಳಕ್ಕ?"

"ಅವು ನನ್ನೂ."

"ಹಾಕ್ಕೋರಿ, ನೋಡೂಣು."

ನನ್ನ ಕಾಲು ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲ. ಬೆರಳು ತುರುಕಿದೆ. ಹಿಮ್ಮಡಿಯ ಅರ್ಧ ನೆಲದ ಮೇಲೇ ಉಳಿಯಿತು. ಹೊಸದಾಗಿ ಕೊಂಡವಳ ಹಾಗೆ ನಕ್ಕೆ.

ಅವನು ನಗಲಿಲ್ಲ. "ಬೀರಪ್ಪನ ಗುಡಿಗೆ ಬರ್ರಿ. ಭಂಡಾರ ಮುಟ್ಟಿ ಹೇಳ್ರಿ. ನಂಬ್ತೇನಿ."

ಹೋದೆ. ಬೇರೆ ದಾರಿ ಇರಲಿಲ್ಲ. ಓಣಿಯ ಉದ್ದಕ್ಕೂ ಆ ಚಪ್ಪಲಿಯಲ್ಲೇ, ಹಿಮ್ಮಡಿ ನೆಲಕ್ಕೆ ತರಚುತ್ತ, ಕಾಲು ಕಟ್ಟಿದ ಆಡಿನಂತೆ ಕುಂಟುತ್ತ ನಡೆದೆ. ಕಟ್ಟೆಯ ಮೇಲಿದ್ದವರು ಕಾಲಿಗೆ ಏನಾಯಿತು ಎಂದು ಕೇಳಿದರೆ "ವಾತ" ಎಂದೆ. ಅಂದು ಸುಳ್ಳಿಗೆ ಬರವಿರಲಿಲ್ಲ. ಗುಡಿಯಲ್ಲಿ ಭಂಡಾರ ಮುಟ್ಟಿ, ಕಣ್ಣು ಮುಚ್ಚಿ, "ಲಕ್ಕವ್ವ ನಮ್ಮ ಮನ್ಯಾಗಿಲ್ಲ," ಎಂದೆ. ಯಲ್ಲಪ್ಪ ನಂಬಿದ. ಭಂಡಾರ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲವಲ್ಲ. ಆ ಕ್ಷಣದವರೆಗೆ ನಾನೂ ಹಾಗೆಂದೇ ನಂಬಿದ್ದೆ.

ತಿರುಗಿ ಬಂದಾಗ ಲಕ್ಕವ್ವ ಇರಲಿಲ್ಲ. ಅಣ್ಣ ಬಂದು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡು ಹೋಗಿದ್ದ. ಹಿತ್ತಿಲಲ್ಲಿದ್ದ ನನ್ನ ಚಪ್ಪಲಿ ಅವಳ ಕಾಲಲ್ಲಿ ಹೋಗಿದ್ದವು.

"ನಾ ಆಣಿ ಮಾಡೂದ್ರಾಗ ಹೋಗಿದ್ಲೋ, ಆಮ್ಯಾಲೋ?" ಎಂದು ಕೇಳಿದೆ.

"ಗಡಿಬಿಡ್ಯಾಗ ಯಾರ ನೋಡ್ಯಾರ ಬೇ," ಎಂದಳು ರೇಣುಕಾ.

ಮುಂಚೆಯೇ ಹೋಗಿದ್ದರೆ ಗುಡಿಯ ಆಣೆಯ ಮಟ್ಟಿಗಾದರೂ ನಾನು ಪುಣ್ಯವಂತೆ, ಆಮೇಲಾಗಿದ್ದರೆ ಪಾಪಿ. ಬೀರಪ್ಪನಿಗೇ ಗೊತ್ತು. ಕತ್ತಲಾದ ಮೇಲೆ ಯಜಮಾನರು ಬೆವರುತ್ತ ಬಂದರು. "ಓಣ್ಯಾಗ ಎಲ್ಲಾರೂ ಲಕ್ಕವ್ವನ್ನ ಎಲ್ಲಿ ಬಿಟ್ಟ ಬಂದಿ ಅಂತ ನನ್ನ ಕೇಳಾಕತ್ತಾರಲ್ಲ, ಏನ ಮಾಡಿ ಇಟ್ಟೀದಿ?"

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ನಗುತ್ತ ಬರೆಯುತ್ತಿದ್ದೆ. ಮುಂದಿನ ಅಮಾವಾಸ್ಯೆಯೊಳಗೆ ಹಿರಿಯರು ಕೂಡಿದರು. ಗಂಡ ಹೆಂಡತಿ ಅಂದಮೇಲೆ ಇದ್ದದ್ದೇ ಎಂದು ಬುದ್ಧಿ ಹೇಳಿ ಲಕ್ಕವ್ವನನ್ನು ತಿರುಗಿ ಆ ಮನೆಗೇ ಕಳಿಸಿದರು. ನನ್ನ ಚಪ್ಪಲಿಯನ್ನು ತೊಳೆದು ತಂದುಕೊಟ್ಟಳು. ಬಾತ ಕಣ್ಣು ಇಳಿದಿತ್ತು, ಅದೊಂದು ಪುಣ್ಯ. ಚಪ್ಪಲಿ ನೋಡುತ್ತಲೇ ಹೇಳಿದಳು, "ಅಕ್ಕಾರ, ಹಿತ್ತಲ ಬಾಗಲದ ಅಗಳಿ ಹಾಕಬ್ಯಾಡ್ರಿ."

ಅಂದಿನಿಂದ ಹಾಕಿಲ್ಲ.

ನಮ್ಮ ಎಮ್ಮೆ ಹಾಲು ಕೊಡುತ್ತಿದೆ, ಮಗಳು ಚೆನ್ನಾಗಿದ್ದಾಳೆ, ಭಂಡಾರದ ಸಿಟ್ಟು ಇನ್ನೂ ಮನೆಯ ಮೇಲೆ ಬಿದ್ದಿಲ್ಲ. ಹಿಮ್ಮಡಿಯ ಗಾಯವನ್ನೇ ಶಿಕ್ಷೆಯೆಂದು ಲೆಕ್ಕ ಹಿಡಿಯಪ್ಪಾ ಎಂದು ದಿನಾ ಬೇಡಿಕೊಳ್ಳುತ್ತೇನೆ. ಆಣೆ ಮುರಿದ ಪ್ಯಾಲಡಿನ್‌ಗೆ ಶಕ್ತಿ ಇರುವುದಿಲ್ಲವಂತೆ. ಹಾಗಾಗಿ ಮಹಾಂತೇಶನೇ ನನಗೆ ಹೊಸ ಪಾತ್ರ ಕೊಟ್ಟಿದ್ದಾನೆ, ಕಳ್ಳಿ. ರವಿವಾರಕ್ಕೊಮ್ಮೆ ರೇಣುಕಾ ಅದೇ ಸೇತುವೆ, ಅದೇ ಕಾವಲುಗಾರನನ್ನು ತರುತ್ತಾಳೆ. ಗಾಡಿಯಲ್ಲಿ ಯಾರು ಎಂದು ಕೇಳುತ್ತಾಳೆ. ಭಂಡಾರದ ಬಟ್ಟಲಿಗೆ ಬಟ್ಟೆ ಮುಚ್ಚಿ ಬಂದು ನಾನು ಸುಳ್ಳು ಹೇಳುವುದನ್ನು ಕಲಿಯುತ್ತೇನೆ.

ಮೊನ್ನೆ "ಬರೇ ಹುಲ್ಲರಿ" ಎಂದೆ. ಕಾವಲುಗಾರ ನಂಬುವವನಿದ್ದ.

"ಎಲ್ಲಿಗೆ ಒಯ್ಯಾಕತ್ತೀರಿ?" ಎಂದ.

"ಮುಧೋಳಕ್ಕ," ಎಂದೆ.

ಒಳಕೋಣೆಯಿಂದ ಯಜಮಾನರು ಕೂಗಿದರು: "ಯಾರ ಕೂಡ ಅಂತ ಮಾತ್ರ ಹೇಳಬ್ಯಾಡ ಮಾರಾಯ್ತಿ."