ಮನೆಯ ಜೊತೆಗೆ ಬಂದ ನೀಲಿ ಲಂಗ

ಹೆಣ್ಣು ತೋರಿಸುವ ದಿನಕ್ಕೂ ಮನೆ ತೋರಿಸುವ ದಿನಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಬೆಳಗ್ಗೆಯೇ ನೆಲ ಸಾರಿಸುತ್ತಾರೆ, ಹಿಡಿ ಮುರಿದ ಕಪ್ಪುಗಳನ್ನು ಒಳಗಿಡುತ್ತಾರೆ, ಬಂದವರ ಕಣ್ಣು ಯಾವ ಮೂಲೆಗೆ ಹೋಗಬಾರದೋ ಅಲ್ಲಿ ತಾವೇ ಹೋಗಿ ನಿಲ್ಲುತ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ಹಿರಿಯರು, ಮನೆ ಮಾರುವುದಕ್ಕೆ ಎಷ್ಟು ಸುಳ್ಳು ಬೇಕೆಂದು ಹೇಳದೆ ಹೋದರು. ನಾನು ಒಂದೇ ಒಂದು ಸುಳ್ಳಿನಲ್ಲಿ ಮುಗಿಸೋಣವೆಂದುಕೊಂಡೆ. ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ, ಮಹಡಿಯ ಹಗ್ಗದ ಮೇಲೆ ಒಣಹಾಕಿದೆ. ಆದರೂ ಇದನ್ನು ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ನಮ್ಮದು ತಲೆಮಾರುಗಳಿಂದ ಕೋಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನೆಯ್ದು ಬದುಕಿದ ಮನೆತನ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ, ಅದೂ ಮೈಸೂರಿನಿಂದ ಮದುವೆಯಾಗಿ ಬಂದ ಅತ್ತಿಗೆ ಕಲಿಸಿದ್ದು. ಈ ತಪ್ಪೊಪ್ಪಿಗೆಯನ್ನು ಧೈರ್ಯವಾಗಿ ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಅದೇ ಕಾರಣ. ಅತ್ತಿಗೆಯನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಓದಲಾರರು.

ಊರಲ್ಲಿ ಅಣ್ಣನ ಜೊತೆ ಮಗ್ಗದ ಶೆಡ್ಡು ನೋಡಿಕೊಂಡು ಸುಖವಾಗಿದ್ದ ನಾನು ಕೋಯಮತ್ತೂರಿನ ದೊಡ್ಡವರ ಬಡಾವಣೆಯಲ್ಲಿ ಮನೆ ಕೊಂಡದ್ದು ಮಗಳು ಮಲ್ಲಿಗಾಗಿ. ಆ ಬೀದಿಯ ತುದಿಯಲ್ಲಿ ಹೆಣ್ಣುಮಕ್ಕಳ ಕಾನ್ವೆಂಟ್ ಇದೆ. ಅಲ್ಲಿ ಸೀಟು ಸಿಕ್ಕಿತೆಂದರೆ ಹುಡುಗಿ ಅರ್ಧ ಡಾಕ್ಟರಾದಂತೆ ಎಂದು ಜನ ನಂಬಿದ್ದರು, ಅವರೊಂದಿಗೆ ನಾನೂ ನಂಬಿದ್ದೆ. ದಲ್ಲಾಳಿ ಮಾರಪ್ಪನ್ ಅಂದು ವರಾಂಡದಲ್ಲಿ ನಿಂತು, ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಮುಖವೊಡ್ಡಿ, ಇದು ನೇರ ಅರಬ್ಬಿ ಸಮುದ್ರದಿಂದ ಬರುವ ಗಾಳಿ, ಕಡಲತೀರದ ಮನೆಯೆಂದೇ ತಿಳಿಯಿರಿ ಎಂದ. ಸಮುದ್ರವೇ ಇಲ್ಲದ ಊರಿಗೆ ಸಮುದ್ರ ತಂದ ಆ ಪುಣ್ಯಾತ್ಮನಿಗೆ ಸೀಟು ತರುವುದು ಯಾವ ಲೆಕ್ಕ? ಈ ವಿಳಾಸ ಬರೆದುಕೊಟ್ಟರೆ ಸಾಕು, ಸೀಟು ಕೈಯಲ್ಲಿದ್ದಂತೆ ಎಂದ. ಮಹಡಿಯ ಹಗ್ಗದ ಮೇಲೆ ಕಾನ್ವೆಂಟಿನ ನೀಲಿ ಲಂಗವೊಂದು ಆ ಕಡಲ ಗಾಳಿಗೆ ಹಾರಾಡುತ್ತಿತ್ತು. ನನಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ.

ಮನೆ ಸೇರಿದ ಮೇಲೆ ಆ ಲಂಗ ಅಟ್ಟದಲ್ಲಿ ಸಿಕ್ಕಿತು. ಒಂದು ಕಲೆಯಿಲ್ಲ, ಅಂಚು ಸವೆದಿಲ್ಲ. ಮನೆ ಮಾರಿದವರಿಗೆ ಇಬ್ಬರೂ ಗಂಡುಮಕ್ಕಳಲ್ಲವೇ, ಇದು ಯಾರದು ಎಂದು ಹೆಂಡತಿ ಕೇಳಿದಳು. ಯಾರೋ ನೆಂಟರ ಹುಡುಗಿಯದಿರಬೇಕು, ನಿನಗೆ ಎಲ್ಲದರಲ್ಲೂ ಅನುಮಾನ ಎಂದು ನಾನು ಬುದ್ಧಿವಂತನಂತೆ ಹೇಳಿದೆ.

ಮೊದಲ ವರ್ಷ ಇಂಟರ್‌ವ್ಯೂನಲ್ಲಿ ಸಿಸ್ಟರ್ ಒಬ್ಬರು ಛತ್ರಿಯ ಚಿತ್ರ ತೋರಿಸಿ ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಲ್ಲಿ ‘ಕೊಡೆ’ ಎಂದಳು. ತಮಿಳಿನಲ್ಲಿ ಕುಡೈ, ಸಿಸ್ಟರ್ ಅವರ ಮಲೆಯಾಳದಲ್ಲಿ ಕುಡ. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾದ ಉತ್ತರಕ್ಕೆ ಸೀಟು ಮಾತ್ರ ಸಿಗಲಿಲ್ಲ. ಬಿಡುವವನೇ ನಾನು? ಮುಂದಿನ ವರ್ಷದವರೆಗೂ ಊಟಕ್ಕೆ ಕೂತರೆ ಅಂಬ್ರೆಲಾ, ತಲೆ ಬಾಚಿದರೆ ಅಂಬ್ರೆಲಾ ಎಂದು ಮಗುವಿನ ಪ್ರಾಣ ತಿಂದೆ. ಎರಡನೆಯ ವರ್ಷ ಅವರು ಗಿಳಿಯ ಚಿತ್ರ ತೋರಿಸಿದರು. ಮಲ್ಲಿ ಚಿತ್ರ ಸರಿಯಾಗಿ ನೋಡುವ ಮೊದಲೇ ‘ಅಂಬ್ರೆಲಾ’ ಎಂದಳು. ತಪ್ಪು ಅವಳದಲ್ಲ, ಗಿಳಿಪಾಠ ಮಾಡಿಸಿದವನದು. ಮೂರನೆಯ ವರ್ಷ ಅವಳ ವಯಸ್ಸು ಮೀರಿತೆಂದು ಕಾನ್ವೆಂಟಿನವರು ಅರ್ಜಿಯನ್ನೇ ಕೊಡಲಿಲ್ಲ. ಅವಳು ಎರಡು ಬೀದಿ ಆಚೆಯ ಮುನಿಸಿಪಲ್ ಶಾಲೆಗೆ ಹೋಗುತ್ತಿದ್ದಳು, ನಾನು ದಿನಾ ಬಸ್ಸು ಹತ್ತಿ ಮಗ್ಗ ನೋಡಲು ಬಿಟ್ಟುಬಂದ ಊರಿಗೇ ಹೋಗುತ್ತಿದ್ದೆ. ಕೊನೆಗೆ ಮನೆ ಮಾರಿ ಊರು ಸೇರುವುದೆಂದು ತೀರ್ಮಾನಿಸಿದೆವು.

ಮಾರಪ್ಪನ್ ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬರನ್ನು ಹೆಂಡತಿಯೊಡನೆ ಮೂರು ಗಂಟೆಗೆ ಕರೆತರುವೆನೆಂದ. ಮಲ್ಲಿ ಶಾಲೆಯಿಂದ ಬರುವುದು ನಾಲ್ಕಕ್ಕೆ. ಅಟ್ಟದಿಂದ ಆ ಲಂಗ ತೆಗೆದೆ, ನೀರಲ್ಲಿ ಅದ್ದಿ ಹಿಂಡಿ ಹಗ್ಗಕ್ಕೆ ಹಾಕಿದೆ. ಹೆಂಡತಿ ಕೆಳಗೆ ನಿಂತು ನೋಡಿ ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮಾರಪ್ಪನ ಸ್ಕೂಟರು ಪಂಕ್ಚರಾಗಿ ಅವರು ಬಂದದ್ದೇ ಮೂರೂ ಮುಕ್ಕಾಲಿಗೆ. ಗೇಟಿನಲ್ಲಿ ಮಾರಪ್ಪನ್ ತಲೆಯೆತ್ತಿ ಹಗ್ಗ ನೋಡಿ ನನ್ನ ಕಡೆ ತಿರುಗಿ ನಕ್ಕ. ಆ ನಗು ನನಗೆ ಅರ್ಥವಾಗಲಿಲ್ಲ. ವ್ಯಾಪಾರಿಯ ಹೆಂಡತಿಯೂ ಲಂಗ ನೋಡಿ, ನಿಮ್ಮ ಮಗಳು ಇದೇ ಕಾನ್ವೆಂಟಾ ಎಂದು ತಮಿಳಿನಲ್ಲಿ ಕೇಳಿದರು. ನಾನು ಹೌದೆನ್ನಲಿಲ್ಲ. ಗಂಟೆ ಹೊಡೆದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆಯ ಹೊತ್ತಿಗೆ ಅಲ್ಲಿ ಸೇರಬಹುದು ಎಂದೆ. ಅದು ನಿಜವೇ. ಅಷ್ಟರಲ್ಲಿ ಮಲ್ಲಿ ಬೀದಿಯಿಂದಲೇ ಓಡಿಬಂದಳು. ಚಪ್ಪಲಿ ಬಿಚ್ಚಲಿಲ್ಲ, ಚೀಲ ಇಳಿಸಲಿಲ್ಲ, ಯಾರು ಕೂತಿದ್ದಾರೆಂದೂ ನೋಡಲಿಲ್ಲ.

“ಅಪ್ಪಾ, ನಂಗೆ ಸೀಟು ಸಿಕ್ಬುಡ್ತಾ?”

ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಆ ಮೂರು ವರ್ಷಗಳಲ್ಲಿ ಕಂಡಿರಲಿಲ್ಲ. ಅವಳಿಗೂ ಆ ಸೀಟಿನ ಆಸೆಯಿತ್ತೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆಸೆಯೆಲ್ಲ ನನ್ನದು ಎಂದುಕೊಂಡಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. ಮನೆಯ ಮಾತು ಹೊರಗಿನವರಿಗೆ ತಿಳಿಯದೆಂಬ ಹಳೆಯ ಧೈರ್ಯದಲ್ಲಿ, ಸುಮ್ಮನಿರು, ಇವರು ಹೋದಮೇಲೆ ಹೇಳುತ್ತೇನೆ ಎಂದು ಕನ್ನಡದಲ್ಲಿ ಗದರಿದೆ. ಬಂದವರ ಕಡೆ ತಿರುಗಿ, ಹುಡುಗಿ ತಿನ್ನಲು ಮುರುಕು ಕೇಳುತ್ತಿದ್ದಾಳೆ ಎಂದು ತಮಿಳಿನಲ್ಲಿ ಅನುವಾದವನ್ನೂ ಒದಗಿಸಿದೆ.

ವ್ಯಾಪಾರಿ ಕುರ್ಚಿಯಿಂದ ಎದ್ದು ಮಲ್ಲಿಯ ಎದುರು ಕುಕ್ಕರಗಾಲಲ್ಲಿ ಕೂತರು.

“ಆ ಸ್ಕೂಲ್ನಾಗೆ ನಿನ್ನ ಏನ್ ಕೇಳಿದ್ರು, ತಾಯಿ?”

ಅಚ್ಚ ನಮ್ಮ ಮನೆಯ ಕನ್ನಡ, ಅದೇ ತಮಿಳಿನ ರಾಗದಲ್ಲಿ. ಅವರದು ಅನ್ನೂರಿನ ಕಡೆಯ ಒಕ್ಕಲು ಮನೆತನವೆಂದೂ, ನಮ್ಮ ಹಾಗೆಯೇ ಹೊಸಿಲ ಒಳಗೆ ಕನ್ನಡವೆಂದೂ ಆಮೇಲೆ ತಿಳಿಯಿತು.

“ಕೊಡೆ ತೋರ್ಸಿದ್ರು. ನಾನು ಕೊಡೆ ಅಂದ್ಬುಟ್ಟೆ,” ಎಂದಳು ಮಲ್ಲಿ.

ವ್ಯಾಪಾರಿಯ ಹೆಂಡತಿ ನೆಲ ನೋಡಿದರು. ನನ್ನ ಹೆಂಡತಿ ಬಂದು ಮಲ್ಲಿಯನ್ನು ಒಳಗೆ ಕರೆದುಕೊಂಡು ಹೋಗಿ ಕೈಗೆ ಮುರುಕು ಕೊಟ್ಟಳು. ವ್ಯಾಪಾರಿ ದಂಪತಿ ಒಂದು ಮಾತೂ ಬೈಯದೆ ಹೊರಟುಹೋದರು. ಮಾರಪ್ಪನ್ ಮಾತ್ರ ಮೆಟ್ಟಿಲಿಳಿಯುತ್ತ, ಇದು ಅದೇ ಲಂಗವಲ್ಲವೇ ಸಾರ್, ಇನ್ನೂ ಬಣ್ಣ ಹೋಗಿಲ್ಲ ನೋಡಿ ಎಂದ. ಇಬ್ಬರು ಗಂಡುಮಕ್ಕಳ ಮನೆಯ ಹಗ್ಗದಲ್ಲಿ ಅಂದು ಲಂಗ ಯಾಕೆ ಹಾರುತ್ತಿತ್ತೆಂದು ನನಗೆ ತಿಳಿದದ್ದು ಆಗ. ಮೋಸಹೋದವನಿಗೆ ಬರಬೇಕಾದ ಸಿಟ್ಟೂ ಬರಲಿಲ್ಲ. ಯಾವ ಬಾಯಲ್ಲಿ ಸಿಟ್ಟು ಮಾಡಲಿ?

ಸಂಜೆ ಮಲ್ಲಿಗೆ ಸೀಟು ಸಿಕ್ಕಿಲ್ಲವೆಂದು ಹೇಳಿದೆ. ಮತ್ತೆ ಲಂಗ ಯಾಕೆ ಹಾಕಿದ್ದು ಎಂದಳು. ಒಣಗಲೆಂದು ಎಂದೆ. ಅಟ್ಟದಲ್ಲಿ ಒಣಗಿಕೊಂಡೇ ಇತ್ತಲ್ಲ ಎಂದಳು. ನಾನು ಎದ್ದು ಪೇಪರು ಹುಡುಕಲು ಹೋದೆ.

ಇನ್ನು ಈ ಮನೆಯನ್ನು ಯಾರೂ ಮೂಸಿ ನೋಡುವುದಿಲ್ಲ ಎಂದುಕೊಂಡಿದ್ದೆ. ಒಂದು ವಾರದ ಮೇಲೆ ಆ ವ್ಯಾಪಾರಿಯೇ ಒಬ್ಬರೇ ಬಂದು ಮನೆ ಕೊಳ್ಳುತ್ತೇವೆ ಎಂದರು. ಎಲ್ಲ ತಿಳಿದ ಮೇಲೂ ಯಾಕೆ ಎಂದು ತಲೆ ತಗ್ಗಿಸಿಯೇ ಕೇಳಿದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು.

“ನಮ್ಮ ಹುಡುಗಿಗೆ ಅಂಬ್ರೆಲಾ ಬರ್ತದೆ. ನಿಮ್ಮ ಮಗ್ಳು ಹೇಳಿದ್ದು ಒಳ್ಳೇದೇ ಆಯ್ತು.”

ಗಿಳಿ ನನ್ನ ಬಾಯಿಯ ತನಕ ಬಂದಿತ್ತು. ಒಂದು ಮಾತು, ಎರಡನೆಯ ವರ್ಷ ಗಿಳಿ ತೋರಿಸಿದರು ಎಂದಿದ್ದರೆ ಮುಗಿಯುತ್ತಿತ್ತು. ಆ ಚಿತ್ರವನ್ನೇ ಸರಿಯಾಗಿ ನೋಡದ ಮಗು ತನಗೆ ಗೊತ್ತಿದ್ದಷ್ಟನ್ನೂ ಹೇಳಿತ್ತು. ನಾನು ಗಿಳಿಯನ್ನು ನುಂಗಿ, ಕಾಫಿ ತರಿಸಿದೆ. ಹಗ್ಗದ ಸುಳ್ಳು ಬಯಲಾಗಿ ಹೋಗಿತ್ತು, ಮನೆ ಮಾರಾಟವಾದದ್ದು ಈ ನುಂಗಿದ ಸುಳ್ಳಿನಿಂದ.

ಊರಿಗೆ ಹೊರಡುವ ದಿನ ಒಂದು ಒಳ್ಳೆಯ ಕೆಲಸವನ್ನಾದರೂ ಮಾಡೋಣವೆಂದು ಆ ಲಂಗವನ್ನು ನಮ್ಮ ಟ್ರಂಕಿನಲ್ಲಿ ಹಾಕಿದೆ. ಈ ಮೋಸ ನನ್ನ ತಲೆಗೇ ಕೊನೆಯಾಗಲಿ ಎಂದು ದೊಡ್ಡಮನಸ್ಸು ಮಾಡಿದ್ದೆ. ಕರುಮತ್ತಂಪಟ್ಟಿಯಲ್ಲಿ ಟ್ರಂಕು ತೆರೆದರೆ ಲಂಗವಿಲ್ಲ. ಮಲ್ಲಿಯನ್ನು ಕೇಳಿದೆ.

“ಅದು ನಮ್ದಲ್ವಲ್ಲಪ್ಪಾ, ಆ ಮನೇದು. ಅಟ್ಟದ ಮ್ಯಾಕೆ ಮಡಿಸಿಟ್ಟು ಬಂದೆ,” ಎಂದಳು.

ಮನೆಯಲ್ಲಿ ಪ್ರಾಮಾಣಿಕರೊಬ್ಬರಿದ್ದರೆ ಇಂಥ ತೊಂದರೆ ತಪ್ಪಿದ್ದಲ್ಲ.

ಮೊನ್ನೆ ಕೋಯಮತ್ತೂರಿಗೆ ನೂಲು ತರಲು ಹೋದವನು ಟೌನ್ ಬಸ್ಸಿನಲ್ಲಿ ಆ ಬೀದಿ ದಾಟಿದೆ. ಮಹಡಿಯ ಹಗ್ಗದ ಮೇಲೆ ನೀಲಿ ಲಂಗವೊಂದು ಗಾಳಿಗೆ ಹಾರುತ್ತಿತ್ತು. ಆ ಮಗುವಿಗೆ ಸೀಟು ಸಿಕ್ಕಿದೆಯೋ, ಮನೆ ಮತ್ತೆ ಮಾರಾಟಕ್ಕಿದೆಯೋ ಬಸ್ಸಿನಿಂದ ತಿಳಿಯಲಿಲ್ಲ. ಇಳಿದು ಕೇಳಬಹುದಿತ್ತು, ನಿಲ್ದಾಣ ಮನೆಯ ಎದುರಿಗೇ ಇತ್ತು. ನಾನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ.