ಎಂಟರ ಮೇಲೆ ಏರದ ರಕ್ತ

ನನಗೆ ಕೋಪ ಬಂದಿದೆ. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ನುಂಗಿಸಿ, ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪು ಎಂದು ಅಜ್ಜಂಪುರದ ಸಂತೆಯನ್ನೇ ಹೊತ್ತು ತಂದರೂ ನನ್ನ ಧರ್ಮಪತ್ನಿ ಸಾವಿತ್ರಮ್ಮನ ರಕ್ತ ಎಂಟರಿಂದ ಮೇಲೇರಲಿಲ್ಲ. (ಅವಳು ನುಂಗಿದ ಕಬ್ಬಿಣದಲ್ಲಿ ಒಂದು ಗೇಟು ಮಾಡಿಸಬಹುದಿತ್ತು.) ಅಂಗಳ ಗುಡಿಸಿದರೆ ಏದುಸಿರು, ಪಾದವೆಲ್ಲ ಜೋಮು. ಮೊನ್ನೆ ಒಲೆಯ ಮುಂದೆ ಕಣ್ಣುಕತ್ತಲೆ ಬಂದು ಕುಸಿದೇಬಿಟ್ಟಳು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನಾನು ಬೈಯುತ್ತೇನೆ.

“ಮಾತ್ರೆ ಹಿತ್ಲಿಗೆ ಎಸೀತಿದೀಯೇನೇ?”

“ಎಸೆದಿದ್ರೆ ಹಿತ್ಲು ತುಕ್ಕು ಹಿಡೀತಿತ್ತು ಕಣ್ರೀ. ಸುಮ್ನೆ ಬಸ್ ಹತ್ತಿ.”

ತರೀಕೆರೆಯ ಡಾಕ್ಟರ್ ಶರ್ಮಿಳಾ ಮತ್ತೆ ರಕ್ತ ತೆಗೆಸಿದರು. ನಾನು ರೇಗಿದೆ. “ಇರೋದೇ ಎಂಟು. ಅದ್ರಲ್ಲೂ ಮೂರು ಬಾಟ್ಲಿ ತೆಗೆದ್ರೆ ಇವ್ಳಿಗೇನ್ ಉಳೀತದೆ ಮೇಡಂ?”

ಸಂಜೆಗೆ ವರದಿ ಬಂತು.

“ನೋಡಿ ಓಂಕಾರಮೂರ್ತಿಯವರೇ, ರಕ್ತಹೀನತೇಲಿ ಹಲವು ಬಗೆ. ಕಬ್ಬಿಣ ಕಮ್ಮಿಯಾದ್ರೆ ರಕ್ತದ ಕಣ ಚಿಕ್ಕದಾಗುತ್ತೆ. ಇವರದು ಊದಿ ದೊಡ್ಡದಾಗಿದೆ. ಬಿ-ಹನ್ನೆರಡು ವಿಟಮಿನ್ ಪಾತಾಳ ಸೇರಿದೆ. ನಿಮ್ಮಂಥ ಸಸ್ಯಾಹಾರಿಗಳಿಗೆ ಅದು ಸಿಗೋದು ಹಾಲು, ಮೊಸರಿಂದ.”

ಪಿತ್ತ ನೆತ್ತಿಗೇರಿತು. “ಕರೆಯೋ ಎಮ್ಮೆ ಎರಡವೆ ಮನೇಲಿ! ದಿನಾ ಗಟ್ಟಿ ಮೊಸರು ಇವ್ಳೇ ಬಡಿಸ್ತಾಳೆ. ನಿಮ್ಮ ಮೆಷೀನೇ ಕೆಟ್ಟಿದೆ!”

“ಬಡಿಸ್ತಾರೆ, ಸರಿ. ಅವರು ತಿಂತಾರಾ?”

ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಅವಳೊಬ್ಬಳೇ ಅಡುಗೆಮನೆಯಲ್ಲಿ ಉಣ್ಣುತ್ತಾಳೆ. ಆ ತಟ್ಟೆಯನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ನನ್ನ ಮೇಲೇ ಸಿಟ್ಟು ಬಂತು, ಆದರೆ ಅದನ್ನೂ ಅವಳ ಕಡೆಗೇ ತಿರುಗಿಸಿ ಕಣ್ಣು ಬಿಟ್ಟೆ.

“ಆರು ವರ್ಷದಿಂದ ಹಾಲು, ಮೊಸರು, ತುಪ್ಪ ಮುಟ್ಟಿಲ್ಲ,” ಎಂದಳು ಸಾವಿತ್ರಿ, ನೆಲ ನೋಡುತ್ತ. “ಮಠದಲ್ಲಿ ಗದ್ದುಗೆ ಮುಂದೆ ಹರಕೆ ಹೊತ್ತಿದೀನಿ.”

ನಾನು ಮೇಜು ಗುದ್ದಿದೆ. “ಯಾವ ಮುಠ್ಠಾಳನಿಗೋಸ್ಕರ ಕಣೇ ಇಂಥಾ ಹರಕೆ? ಹೆಸ್ರು ಹೇಳು, ಅವನ ಹಲ್ಲು ಉದುರಿಸ್ತೀನಿ!”

“ನೀವು ಹೊಗೆಸೊಪ್ಪು ಬಿಡ್ಲಿ ಅಂತ ಕಣ್ರೀ. ಬಿಟ್ಟ ದಿನವೇ ಮೊಸರನ್ನ ಉಣ್ತೀನಿ ಅಂದ್ಕೊಂಡಿದ್ದೆ.”

ಡಾಕ್ಟರು ನನ್ನ ಉಬ್ಬಿದ ಎಡಗೆನ್ನೆಯನ್ನು ನೋಡಿದರು. (ತಾಲೀಮಿದ್ದರೆ ಬಾಯಲ್ಲಿಟ್ಟುಕೊಂಡೇ ಕೂಗಾಡಬಹುದು.) ಕಾಲಿನಿಂದ ಕಸದ ಬುಟ್ಟಿಯನ್ನು ನನ್ನತ್ತ ತಳ್ಳಿದರು. “ಇವರಿಗೆ ಇಂಜೆಕ್ಷನ್ ಇವತ್ತೇ ಶುರು. ನಿಮ್ಮ ಚಿಕಿತ್ಸೆ ಇಲ್ಲಿ.”

ಬೈಯಲು ಕೋಣೆಯಲ್ಲಿ ಇನ್ಯಾರೂ ಉಳಿದಿರಲಿಲ್ಲ. ಬಗ್ಗಿ ಉಗುಳಿದೆ.

“ಜೇಬಲ್ಲಿರೋ ಡಬ್ಬೀನೂ ಹಾಕ್ರೀ,” ಎಂದಳು ಸಾವಿತ್ರಿ. “ನಂಗೆ ಹಸಿವಾಗ್ತಿದೆ.”