ಡೋರಿಸ್‌ಗೆ ಮೇಲಿನ ಹಲ್ಲಿಲ್ಲ

ಉಮಾಕಾಂತ: ಮೋಸ ದಾಕ್ಷಿ, ಶುದ್ಧ ಮೋಸ. ಮೇಲುಗಡೆ ಮುಂದಿನ ಹಲ್ಲು ಒಂದೂ ಇಲ್ಲ!

ದಾಕ್ಷಾಯಣಿ: ಟಾರ್ಚ್ ಆರಿಸಿ. ಅವಳ ಕಣ್ಣಿಗೆ ಹೊಡೀತಿದೆ.

(ಭಾನುವಾರ ಬೆಳಿಗ್ಗೆ. ಪರ್ತ್‌ನಲ್ಲಿ, ಎಲೆನ್‌ಬ್ರೂಕ್ ಬಡಾವಣೆ ದಾಟಿದ ಮೇಲೆ ಸಿಗುವ ಎರಡು ಎಕರೆ ಜಾಗ. ಬೇಸಿಗೆಗೆ ಮುಂಚೆ ಹುಲ್ಲು ತೆಗೆಯದಿದ್ದರೆ ಬೆಂಕಿಯ ಭಯ. ಅದಕ್ಕೆಂದು ದಂತವೈದ್ಯ ಉಮಾಕಾಂತ ಹೋದ ವರ್ಷ ಮೂರು ಕುರಿ ತಂದ. ತಂದದ್ದು ಅವನು, ಆಮೇಲಿನದೆಲ್ಲ ಹೆಂಡತಿ ದಾಕ್ಷಾಯಣಿ. ಈಗ ಡೋರಿಸ್ ಎಂಬ ಕುರಿ ಸೊರಗಿದೆ. ಅದರ ತಲೆ ಅವಳ ಮೊಣಕಾಲುಗಳ ನಡುವೆ, ಅವನ ಬೆರಳು ಅದರ ಬಾಯಲ್ಲಿ. ಹಿಂದೆ ಟ್ರೇಲರ್ ಬಾಗಿಲು ತೆರೆದು ನಿಂತಿದೆ.)

ಉಮಾಕಾಂತ: ಇಪ್ಪತ್ತೆರಡು ವರ್ಷದಿಂದ ಹಲ್ಲು ನೋಡ್ತಿದೀನಿ, ನಂಗೇ ಮುದಿ ಕುರಿ ಕೊಟ್ಟಿದಾನೆ. ಮಧ್ಯಾಹ್ನ ಟ್ರೇಲರ್‌ಗೆ ಹತ್ತಿಸಿ, ಮಾರಿದ ಬ್ರೂಸ್‌ಗೇ ವಾಪಸ್ ಕೊಟ್ಟು ಬಂದ್ಬಿಡ್ತೀನಿ.

ದಾಕ್ಷಾಯಣಿ: ಅವನೇನ್ಮಾಡ್ತಾನೆ?

ಉಮಾಕಾಂತ: ಹಲ್ಲಿಲ್ಲದ ಕುರೀನ ಏನ್ಮಾಡ್ತಾರೆ? ಕಸಾಯಿಖಾನೆಗೆ ಕಳಿಸ್ತಾರೆ.

ದಾಕ್ಷಾಯಣಿ: ಇನ್ನೆರಡರ ಬಾಯಿ ನೋಡಿದ್ರಾ?

ಉಮಾಕಾಂತ: ಅವು ದುಂಡಗಿವೆಯಲ್ಲ.

ದಾಕ್ಷಾಯಣಿ: ನೋಡಿ.

(ನೋಡಿದ. ಕೊನೆಯದನ್ನು ತುಸು ಹೆಚ್ಚು ಹೊತ್ತು ನೋಡಿದ.)

ಉಮಾಕಾಂತ: ಮೂರೂ ಮೋಸ!

ದಾಕ್ಷಾಯಣಿ: ಕುರಿಗೆ ಮೇಲುಗಡೆ ಮುಂದಿನ ಹಲ್ಲು ಹುಟ್ಟೋದೇ ಇಲ್ಲ ಕಣ್ರೀ. ಬರೀ ಗಟ್ಟಿ ಒಸಡು. ಕೆಳಗಿನ ಹಲ್ಲನ್ನ ಅದಕ್ಕೆ ಒತ್ತಿ ಹುಲ್ಲು ಕೀಳುತ್ವೆ.

ಉಮಾಕಾಂತ: ನಿಂಗ್ಯಾರು ಹೇಳಿದ್ದು?

ದಾಕ್ಷಾಯಣಿ: ಹದಿನಾಲ್ಕು ತಿಂಗಳಿಂದ ನನ್ನ ಕೈಯಲ್ಲೇ ತಿಂತಿವೆ. ಇವಳಿಗೆ ನೋವಿರೋದು ಹಿಂದಿನ ದವಡೆ ಹಲ್ಲಲ್ಲಿ, ಎಡಗಡೆ. ಒಂದೇ ಕಡೆ ಅಗೀತಾಳೆ. ಅರ್ಧ ಅಗಿದದ್ದು ಬಾಯಿಂದ ಬಿದ್ದು ಹೋಗುತ್ತೆ. ಇಲ್ಲಿ ಊತ, ಮುಟ್ಟಿ.

(ಮುಟ್ಟಿದ. ಡೋರಿಸ್ ತಲೆ ಕೊಡವಿತು.)

ಉಮಾಕಾಂತ: ಹೌದಲ್ಲ! ಬಾಯಿ ತೆಗೆಸದೆ ಹೇಗೆ ಕಂಡುಹಿಡಿದೆ?

ದಾಕ್ಷಾಯಣಿ: ಊಟ ಹಾಕೋರಿಗೆ ಕಾಣುತ್ತೆ. ಶುಕ್ರವಾರಾನೇ ವೆಟ್ ಡಾಕ್ಟರ್‌ಗೆ ಫೋನ್ ಮಾಡಿದೆ. ನಾಳೆ ಮೂರಕ್ಕೆ ಬರ್ತಾರೆ. ನೀವು ಮನೇಲಿರ್ಬೇಕು.

ಉಮಾಕಾಂತ: ನಾನಾ? ನಂಗೆ ಪೇಷಂಟ್ಸ್ ಇದಾರೆ. ನೀನೆಲ್ಲಿ ಹೋಗ್ತೀಯ?

ದಾಕ್ಷಾಯಣಿ: ಹಲ್ಲಿನ ಡಾಕ್ಟರ್ ಹತ್ರ. ಎರಡು ತಿಂಗಳಿಂದ ನಾನೂ ಒಂದೇ ಕಡೆ ಅಗೀತಿದೀನಿ.

(ಡೋರಿಸ್ ಅಗಿಯುತ್ತಿತ್ತು, ಬಲಗಡೆ.)

ಉಮಾಕಾಂತ: ಎರಡು ತಿಂಗಳು! ದಿನಾ ಎದುರುಬದುರು ಕೂತು ಊಟ ಮಾಡ್ತೀವಲ್ಲ!

ದಾಕ್ಷಾಯಣಿ: ನೀವು ಕೂತಿರ್ತೀರಿ. ನಾನು ದೋಸೆ ಹುಯ್ತಿರ್ತೀನಿ.

ಉಮಾಕಾಂತ: ನಮ್ಮ ಕ್ಲಿನಿಕ್‌ಗೆ ಬಂದಿದ್ರೆ ಆಗ್ತಿತ್ತಪ್ಪ.

ದಾಕ್ಷಾಯಣಿ: ಫೋನ್ ಮಾಡಿದ್ದೆ. ಆರು ವಾರ ಕಾಯ್ಬೇಕು ಅಂದ್ಲು ರಿಸೆಪ್ಷನ್ ಹುಡುಗಿ.

ಉಮಾಕಾಂತ: ಡಾಕ್ಟರ್ ಹೆಂಡ್ತಿ ಅಂತ ಹೇಳ್ಬೇಕಿತ್ತು!

ದಾಕ್ಷಾಯಣಿ: ಹೇಳ್ದೆ. ಹೇಳೋ ತನಕ ಎರಡು ವಾರ ಇತ್ತು. ಮನೆಯವರನ್ನ ಕೊನೇಗೆ ಹಾಕು ಅಂತ ನೀವೇ ಹೇಳಿದೀರಂತೆ. ಅದಕ್ಕೆ ಮೈಥಿಲಿ ಹತ್ರ ಹೋಗ್ತಿದೀನಿ.

ಉಮಾಕಾಂತ: ನನ್ನ ಕ್ಲಿನಿಕ್ ಎದುರಿಗಿರೋ ಮೈಥಿಲೀನಾ? ಜನ ಏನಂದ್ಕೋತಾರೆ? ಬಾಯಿ ತೆಗಿ, ಈಗ್ಲೇ ನೋಡ್ತೀನಿ.

(ಟಾರ್ಚ್ ಅವಳ ಕಡೆ ತಿರುಗಿತು.)

ದಾಕ್ಷಾಯಣಿ: ಮೊದಲು ಹೋಗಿ ಆ ಟ್ರೇಲರ್ ಬಾಗಿಲು ಹಾಕಿ ಬನ್ನಿ.